ಸಗಣಿ ಬುಟ್ಟಿಯ ಜಗಳ

ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಕೋಳಿ ಕೂಗುವುದಕ್ಕೆ ಮುಂಚೆ ಅಜ್ಜಿ ಕೂಗುತ್ತಿದ್ದಳು. ಕೊಟ್ಟಿಗೆಯ ಸಗಣಿಯನ್ನು ಯಾರಾದರೂ ಮುಟ್ಟಿಬಿಟ್ಟಾರೆಂಬ ಭಯ ಅವಳಿಗೆ. ಎಪ್ಪತ್ತರ ದಶಕದ ಕೊನೆಯಲ್ಲಿ ಲಕ್ಕೂರಿನ ಸುತ್ತಮುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರು ನಗಬೇಡಿ, ಹೇಳುತ್ತೇನೆ.

ಎಲ್ಲ ಶುರುವಾದದ್ದು ಗುಂಡುತೋಪು ಹೋದ ಬೇಸಿಗೆಯಲ್ಲಿ. ಊರಾಚೆಯ ಆ ತೋಪಿನಲ್ಲಿ ಹೊಂಗೆ, ಬೇವು, ನೇರಳೆ ಮರಗಳು ಒತ್ತೊತ್ತಾಗಿ ಬೆಳೆದಿದ್ದವು. ನಮಗೆ ಅದು ಮರಕೋತಿ ಆಡುವ ಜಾಗ. ಅಜ್ಜಿಗೆ ಮಾತ್ರ ಅಲ್ಲಿ ಮರಕ್ಕಿಂತ ಮರದ ಕೆಳಗೆ ಬಿದ್ದ ತರಗೇ ಕಾಣುತ್ತಿತ್ತು. ಹೊಂಗೆ ಎಲೆ ಉದುರಿಸುವ ಕಾಲ ಬಂತೆಂದರೆ ತಲೆಯ ಮೇಲೆ ಮಂಕರಿ ಎಂಬ ದೊಡ್ಡ ಬಿದಿರು ಬುಟ್ಟಿ, ಕೈಯಲ್ಲಿ ಪೊರಕೆ, ಹಿಂದೆ ಗೊಣಗುತ್ತಾ ನಾನು. ಗುಡಿಸಿ ತಂದ ತರಗನ್ನು ದನಗಳ ಕಾಲಡಿ ಹರಡುವಳು. ಅದು ಗಂಜಲದಲ್ಲಿ ನೆನೆದ ಮೇಲೆ ಸಗಣಿಯ ಜೊತೆ ತಿಪ್ಪೆ ಸೇರುತ್ತಿತ್ತು. ಮುಂಗಾರಿಗೆ ಮುಂಚೆ ಆ ತಿಪ್ಪೆ ಬಗೆದರೆ ಕಪ್ಪಗೆ, ಬೆಚ್ಚಗೆ ಹೊಗೆಯಾಡುವ ಗೊಬ್ಬರ. ಅದು ಹೊಲಕ್ಕೆ ಹೋಗಿ, ರಾಗಿಯಾಗಿ ನಮಗೂ ಹುಲ್ಲಾಗಿ ದನಕ್ಕೂ ವಾಪಸ್ಸು ಬರುತ್ತಿತ್ತು. ಒಲೆಗೂ ತೋಪಿನ ಪುಳ್ಳೆಸೌದೆಯೇ ಆಗುತ್ತಿದ್ದರಿಂದ ಸಗಣಿಯ ಮೇಲೆ ಯಾರ ಕಣ್ಣೂ ಬೀಳುತ್ತಿರಲಿಲ್ಲ.

ಮಾಲೂರಿನ ಕಡೆ ಇಟ್ಟಿಗೆ ಗೂಡುಗಳು ಹೆಚ್ಚಾದವು. ಸುಡಲು ಸೌದೆ ಬೇಕಲ್ಲ, ತೋಪು ಹರಾಜಾಯಿತು. ಲಾರಿಗಳು ಬಂದಾಗ ನಾವು ಮಕ್ಕಳು ಹಬ್ಬವೇ ಬಂದಷ್ಟು ಸಂಭ್ರಮದಿಂದ ಉರುಳಿದ ಮರಗಳ ಮೇಲೆ ಕುಣಿದೆವು. ಉಳಿದ ಚೂರುಪಾರು ರೆಂಬೆಗಳನ್ನು ಊರವರೆಲ್ಲ ಎಳೆದುಕೊಂಡು ಹೋದರು. ಅದೂ ಮುಗಿದ ಮೇಲೆ ಒಲೆಗೆ ಹಾಕಲು ಏನೂ ಉಳಿಯಲಿಲ್ಲ.

ಆಗ ಅಮ್ಮ ಬೆರಣಿ ತಟ್ಟತೊಡಗಿದಳು. ಕೊಟ್ಟಿಗೆಯ ಗೋಡೆ ತುಂಬ ಅವಳ ಬೆರಳಚ್ಚು. ತಿಪ್ಪೆಗೆ ಮೊದಲು ತರಗು ತಪ್ಪಿತ್ತು, ಈಗ ಸಗಣಿಯೂ ತಪ್ಪಿತು. ಅಜ್ಜಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಿಪ್ಪೆಯ ಹತ್ತಿರ ಹೋಗುವಳು, ಬರುವಳು, ಮತ್ತೆ ಹೋಗುವಳು. ಸಿಟ್ಟು ನೆತ್ತಿಗೇರಿದರೆ ಕನ್ನಡ ಬಿಟ್ಟು ತೆಲುಗಿನಲ್ಲಿ ಬಯ್ಯುವಳು. ಅತ್ತೆ ಸೊಸೆ ಮಾತು ಬಿಟ್ಟರು. ಅವಳಿಗೆ ಹೇಳು ಎಂದು ಇವಳು, ಇವಳಿಗೆ ಹೇಳು ಎಂದು ಅವಳು, ನಡುವೆ ಓಡಾಡಿ ನನಗೆ ಸಾಕಾಗಿ ಹೋಗಿತ್ತು. ಅಪ್ಪ ಜಾಣ, ಬೆಳಗ್ಗೆ ಎದ್ದವನೇ ಹೊಲದ ಕಡೆ ಮಾಯವಾಗುತ್ತಿದ್ದ.

ಬಿತ್ತನೆ ಹತ್ತಿರ ಬಂತು. ಒಂದು ದಿನ ಅಮ್ಮ ಹಿಪ್ಪುನೇರಳೆ ಸೊಪ್ಪು ಬಿಡಿಸಲು ಹೋಗಿದ್ದಾಗ ಅಜ್ಜಿ ಗೋಡೆಯ ಬೆರಣಿಗಳನ್ನೆಲ್ಲ ಕಿತ್ತಳು. ಮುರಿದು, ಪುಡಿಮಾಡಿ, ತಿಪ್ಪೆಗೆ ಸುರಿದು, ಮೇಲೆ ನೀರು ಹೊಯ್ದಳು. ಮನೆಗೆ ಬಂದ ಅಮ್ಮ ಬರಿಗೋಡೆ ನೋಡಿದಳು. ಸಂಜೆ ಎಲ್ಲರ ತಟ್ಟೆ ಹಾಕಿದಳು. ಅಜ್ಜಿಯ ತಟ್ಟೆಗೆ ಹಸಿ ರಾಗಿಹಿಟ್ಟು ಬಡಿಸಿ, ಪಕ್ಕದಲ್ಲಿ ಒಂದು ಚೊಂಬು ತಣ್ಣೀರು ಇಟ್ಟಳು.

"ಹಿಟ್ಟೈತೆ, ನೀರೈತೆ ಅತ್ತೆ. ಬೆಂಕಿ ಎಲ್ಲಿಂದ ತರ್ಲಿ, ನೀವೇ ಹೇಳಿ."

ಎಷ್ಟೋ ದಿನಗಳ ಮೇಲೆ ಅವಳು ನೇರವಾಗಿ ಆಡಿದ ಮಾತು ಅದು. ಅಜ್ಜಿ ತಟ್ಟೆಯನ್ನೇ ನೋಡುತ್ತಾ ಹೇಳಿದಳು: "ಹೊಲಕ್ಕೂ ಹೊಟ್ಟೆ ಐತೆ ಕಣಮ್ಮ. ಅದರ ಬಾಯಿಗೆ ಹಾಕೋದನ್ನ ಒಲೆ ಬಾಯಿಗೆ ಹಾಕಿದ್ರೆ ಬರೋ ವರ್ಷ ಈ ಹಿಟ್ಟೂ ಇರಲ್ಲ."

"ಬರೋ ವರ್ಷದ್ದು ನಂಗೂ ಗೊತ್ತು. ಮಕ್ಕಳು ಇವತ್ತು ಉಣ್ಬೇಕಲ್ಲ."

ಅಷ್ಟರಲ್ಲಿ ನನ್ನ ತಮ್ಮ ಹಸಿವಿಗೆ ಅಳತೊಡಗಿದ. ಅಜ್ಜಿ ಎದ್ದಳು. ಅಟ್ಟದ ಕೆಳಗೆ ಬೋರಲು ಬಿದ್ದಿದ್ದ ತನ್ನ ಮಂಕರಿಯನ್ನು ಎಳೆದು ತಂದು, ಕಾಲಲ್ಲಿ ಮೆಟ್ಟಿ ಮುರಿದು, ಅದರ ಬಿದಿರು ದಬ್ಬೆಗಳನ್ನು ಒಲೆಗೆ ತುರುಕಿದಳು. ಒಣಗಿದ ಬಿದಿರು ಚಟಪಟ ಎಂದು ಹತ್ತಿಕೊಂಡಿತು. ಎಸರು ಕುದಿಯಿತು, ಅಮ್ಮ ಮುದ್ದೆ ತಿರುವಿದಳು. ಹುರುಳಿ ಸಾರಿನ ಜೊತೆ ನಾವೆಲ್ಲ ಉಂಡೆವು. ಇಬ್ಬರು ಹೆಂಗಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಗೆ ಅಷ್ಟೇನೂ ಇರಲಿಲ್ಲ.

ಮರುದಿನ ಬೆಳಗ್ಗೆ ಅಜ್ಜಿ ಕೂಗಲಿಲ್ಲ. ಎದ್ದು ಹೋಗಿ ನೋಡಿದರೆ ಅಮ್ಮನ ಪಕ್ಕ ಕೂತು ತಾನೂ ಬೆರಣಿ ತಟ್ಟುತ್ತಿದ್ದಳು. ಆ ವರ್ಷ ರಾಗಿ ತೆನೆ ಸಣ್ಣಗೆ ಬಂತು. ಅಜ್ಜಿ ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಉಳಿದ ಕಾಳನ್ನು ಅಮ್ಮನಿಗೆ ತೋರಿಸಿದಳು. ನೋಡಿದೆಯಾ ಎಂದು ಮಾತ್ರ ಅನ್ನಲಿಲ್ಲ.

ನನಗೆ ಈಗಲೂ ಉರಿಯುವುದು ಇದಕ್ಕೇ. ತೋಪು ಕಡಿದವರು ಯಾರಿಂದಲೂ ಒಂದು ಮಾತೂ ಬಯ್ಸಿಕೊಳ್ಳದೆ ಹೋದರು, ಒಂದು ಬುಟ್ಟಿ ಸಗಣಿಗಾಗಿ ಇವರಿಬ್ಬರು ಒಬ್ಬರ ಮೇಲೊಬ್ಬರು ಹರಿಹಾಯ್ದರು. ತೋಪಿದ್ದ ಜಾಗದಲ್ಲಿ ಆಮೇಲೆ ನೀಲಗಿರಿ ನೆಟ್ಟರು. ಅದರ ಎಲೆ ಬೇಗ ಕೊಳೆಯುವುದಿಲ್ಲ, ಯಾರೂ ಗುಡಿಸಿ ತರುವುದೂ ಇಲ್ಲ. ನಮ್ಮ ಹೊಲಕ್ಕೆ ವರ್ಷವರ್ಷ ಅಂಗಡಿಯ ಮೂಟೆ ಗೊಬ್ಬರ ಬೀಳುತ್ತದೆ. ಅಗೆದರೆ ಎರೆಹುಳ ಸಿಗುವುದಿಲ್ಲ. ಒಲೆಗೆ ಗ್ಯಾಸು ಬಂದಿದೆ, ಸಗಣಿಗೆ ಜಗಳವಿಲ್ಲ, ಮನೆ ತಣ್ಣಗಿದೆ. ಆಗ ಆ ಹೊಲದ ಪರವಾಗಿ ಕಚ್ಚಾಡಲು ನಮ್ಮ ಮನೆಯಲ್ಲಿ ಒಬ್ಬಳಾದರೂ ಇದ್ದಳು.