ಕಲ್ಲು, ನಕ್ಷೆ, ಕಲ್ಲು, ನಕ್ಷೆ

ಇಸ್ತ್ರಿಯಕ್ಕನ ಮನೆಯ ಹಜಾರದಲ್ಲಿ, ಗೋಡೆ ಗಡಿಯಾರದ ಕೆಳಗೆ, ಒಂದು ಉದ್ದನೆಯ ಮರದ ಹಲಗೆ ಇದೆ. ಅದರ ಮೇಲೆ ಸಾಲಾಗಿ ಇಪ್ಪತ್ತೆರಡು ವಸ್ತುಗಳು. ಒಂದು ಕಲ್ಲು, ಪಕ್ಕದಲ್ಲಿ ಮಡಿಸಿಟ್ಟ ಒಂದು ನಕ್ಷೆ, ಮತ್ತೆ ಕಲ್ಲು, ಮತ್ತೆ ನಕ್ಷೆ. ಇದೇನು ಎಂದು ಯಾರಾದರೂ ಕೇಳಿಬಿಟ್ಟರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತಿದ್ದರು, ಕೇಳಿದವರು ಯಾಕಾದರೂ ಕೇಳಿದೆವೋ ಎಂದು ಒದ್ದಾಡುತ್ತಿದ್ದರು. ಅದು ಆ ಸಂಸಾರದ ಒಪ್ಪಂದಪತ್ರ ಎಂದು ತಿಳಿದರೆ ಸಾಕು.

ಒಪ್ಪಂದ ಹೀಗಿತ್ತು. ವರ್ಷಕ್ಕೊಮ್ಮೆ, ಚಳಿ ಇನ್ನೂ ಪೂರ್ತಿ ಗಂಟುಮೂಟೆ ಕಟ್ಟದ, ಮರಗಳು ಚಿಗುರಲೋ ಬೇಡವೋ ಎಂದು ಯೋಚಿಸುತ್ತಿರುವ ದಿನಗಳಲ್ಲಿ, ಇಬ್ಬರೂ ಒಂದು ವಾರ ಎಲ್ಲಾದರೂ ಹೋಗಬೇಕು. ಒಂದು ವರ್ಷ ಆಕೆ ಹೇಳಿದ ಕಡೆ, ಮರುವರ್ಷ ಅವರು ಹೇಳಿದ ಕಡೆ. ಆಕೆ ಹೇಳುವುದು ಯಾವಾಗಲೂ ಬಿಸಿಲಿರುವ ಕಡಲತೀರ. ಅವರು ಹೇಳುವುದು ಯಾವಾಗಲೂ ಒಂದು ದೊಡ್ಡ ಊರು. ಬಿಸಿಲಿನಿಂದ ಕಲ್ಲು ಬರುತ್ತದೆ, ಊರಿನಿಂದ ನಕ್ಷೆ. ಮದುವೆಯಾದ ಮೊದಲ ವರ್ಷ ಈ ನಿಯಮ ಇರಲಿಲ್ಲ. ಅರ್ಧ ವಾರ ಅಲ್ಲಿ, ಅರ್ಧ ವಾರ ಇಲ್ಲಿ ಎಂದು ಹೊರಟು, ಆಕೆಯ ಪಾಲಿನ ದಿನಗಳೆಲ್ಲ ಮೋಡ, ಅವರ ಪಾಲಿನ ದಿನಗಳಲ್ಲಿ ಅರ್ಧ ಊರು ಮುಚ್ಚಿತ್ತು. ವಾಪಸು ಬರುವಾಗ ರೈಲಿನಲ್ಲಿ ಇಬ್ಬರದೂ ಗಂಟುಮುಖ.

ಆಕೆಗೆ ಬಿಸಿಲಿನ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ಇಸ್ತ್ರಿ ಯಂತ್ರದ ಮುಂದೆ ಮೂವತ್ತೊಂದು ವರ್ಷದಿಂದ ನಿಂತಿದ್ದಾಳೆ. ಒಗೆದು ಬಂದ ಹಾಸಿಗೆಯ ಚಾದರಗಳನ್ನು ಎರಡು ಬಿಸಿ ಉರುಳೆಗಳ ನಡುವೆ ಸುಕ್ಕಿಲ್ಲದಂತೆ ತೂರಿಸಬೇಕು, ಆಚೆ ಬದಿಯವಳು ಹಿಡಿದು ಮಡಿಸಬೇಕು. ಕಿಟಕಿ ಎಂಬುದು ಒಂದೇ, ಅದೂ ಸೂರಿಗೆ ಅಂಟಿಕೊಂಡಂತೆ. ಅದರಲ್ಲಿ ಕಾಣುವುದು ದಾರಿಹೋಕರ ಪಾದಗಳು. ಚಪ್ಪಲಿ, ಬೂಟು ನೋಡಿಯೇ ಹೊರಗೆ ಮಳೆಯೋ ಚಳಿಯೋ ಎಂದು ಆಕೆ ಹೇಳಿಬಿಡುತ್ತಾಳೆ. ಚಳಿಗಾಲದಲ್ಲಿ ಕತ್ತಲಲ್ಲಿ ಕೆಲಸಕ್ಕೆ ಇಳಿದರೆ ಕತ್ತಲಲ್ಲೇ ಮೇಲೆ ಬರುವುದು. "ನಾನು ಆಲೂಗೆಡ್ಡೆ ಕಣೇ, ನೆಲದೊಳಗೇ ದಪ್ಪ ಆಗ್ತೀನಿ" ಎಂದು ಜೊತೆಯವಳ ಹತ್ತಿರ ನಗುತ್ತಿದ್ದಳು. ನಗುವಂಥ ವಿಷಯವೇನೂ ಆಗಿರಲಿಲ್ಲ ಅದು. ಚಳಿ ಮುಗಿಯುವ ಹೊತ್ತಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು, ಮನಸ್ಸು ಹಿಂಡದ ಬಟ್ಟೆಯ ಹಾಗೆ ಭಾರವಾಗುತ್ತಿತ್ತು, ಸಣ್ಣ ಮಾತಿಗೂ ಅಳು ಬರುತ್ತಿತ್ತು. ಆ ಒಂದು ವಾರ ಮರಳಿನ ಮೇಲೆ ಕಾಲು ಚಾಚಿ ಏನೂ ಮಾಡದೆ ಬಿದ್ದುಕೊಂಡರೆ ಎರಡು ಚಳಿಗಾಲಕ್ಕಾಗುವಷ್ಟು ಬಿಸಿಲು ಮೈಯೊಳಗೆ ಇಳಿಯುತ್ತದೆ ಎಂದು ನಂಬಿದ್ದಳು. ಎರಡಕ್ಕೆ ಮಾತ್ರ, ಮೂರಕ್ಕಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರ್. ಒಂಬತ್ತನೇ ನಂಬರ್ ಬಸ್ಸನ್ನು ಇಪ್ಪತ್ತೆಂಟು ವರ್ಷ ಓಡಿಸಿ ಎರಡು ವರ್ಷದ ಹಿಂದೆ ನಿವೃತ್ತರಾದವರು. ಇಂಥವರು ರಜೆ ಬಂದರೆ ರಸ್ತೆ ಎಂದರೇ ಮೂಗು ಮುರಿಯಬೇಕು ತಾನೇ? ಈ ಡ್ರೈವರ್ ಸಾಹೇಬರಿಗೆ ಬೇರೆ ಊರಿನ ಬಸ್ಸು, ಟ್ರ್ಯಾಮುಗಳಲ್ಲಿ ಪ್ರಯಾಣಿಕರಾಗಿ ಕೂತು ಅಲ್ಲಿಯ ಡ್ರೈವರುಗಳ ತಪ್ಪು ಹುಡುಕುವುದೇ ಪರಮಸುಖ. "ತಿರುವು ತಗೊಂಡಿದ್ದು ನೋಡಿದ್ಯಾ? ಎಮ್ಮೆ ತಿರುಗಿಸಿದ ಹಾಗೆ!" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ಆಕೆಯ ಸರದಿಯ ವರ್ಷ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು, ದೊಡ್ಡ ಕೊಡೆಯ ನೆರಳಲ್ಲಿ ಕೂತು, ಆ ಊರಿನ ಬಸ್ಸುಗಳ ವೇಳಾಪಟ್ಟಿ ಓದುತ್ತಿದ್ದರು. ಒಪ್ಪಂದ ಎಂದರೆ ಒಪ್ಪಂದ.

ಈ ವರ್ಷ ಆಕೆಯ ಸರದಿ. ಹಲಗೆಯ ಕೊನೆಯಲ್ಲಿ ನಕ್ಷೆ ಕೂತಿತ್ತಲ್ಲ, ಇನ್ನು ಕೇಳುವುದೇನಿದೆ? ಪ್ರವಾಸದ ಕಚೇರಿಯಿಂದ ತಂದ ಬಣ್ಣದ ಪುಸ್ತಿಕೆಗಳನ್ನು ಚಳಿಗಾಲವಿಡೀ ಊಟದ ಡಬ್ಬಿಯ ಜೊತೆ ನೆಲಮಾಳಿಗೆಗೆ ಒಯ್ದು, ಒಂದೊಂದು ತೀರವನ್ನೂ ಜಾಲಾಡಿ, ಕೊನೆಗೆ ಒಂದನ್ನು ಆರಿಸಿದ್ದಳು. ಅಗಲ ಅಂಚಿನ ಹೊಸ ಟೋಪಿಯೂ ಬಂದು ಬೀರುವಿನ ಮೇಲೆ ಕಾಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟದ ಪಕ್ಕ ಆ ಪುಸ್ತಿಕೆ ಬಿಡಿಸಿಟ್ಟಳು. "ಇಲ್ನೋಡಿ. ರೂಮಿನ ಮೆಟ್ಟಿಲು ಇಳಿದ್ರೆ ಸಾಕು, ಮರಳೇ."

ಅವರು ಕನ್ನಡಕದ ಮೇಲಿಂದ ನೋಡಿದರು. "ಚೆನ್ನಾಗಿದೆ. ಮುಂದಿನ ವರ್ಷಕ್ಕೆ ಎತ್ತಿಟ್ಕೋ."

"ಮುಂದಿನ ವರ್ಷಕ್ಕಾ?"

"ಈ ಸಲ ನನ್ನ ಸರದಿ ಅಲ್ವೇನೇ? ಹೋದ ವರ್ಷ ತಾನೇ ನಿನ್ನ ಸಮುದ್ರಕ್ಕೆ ಹೋಗಿ ನಾನು ಬೆನ್ನು ಸುಟ್ಕೊಂಡು ಬಂದಿದ್ದು. ಈ ಸಲ ಆ ಏಳು ಸೇತುವೆ ಊರಿಗೆ ಹೋಗೋಣ. ಎಷ್ಟು ವರ್ಷದಿಂದ ಅಂದ್ಕೊಂಡಿದೀನಿ, ಒಂದ್ಸಲಾನೂ ಆಗಿಲ್ಲ."

ಆಕೆಗೆ ನಗು ಬಂತು. ಏಳು ಸೇತುವೆಯ ಊರಿಗೆ ಹೋಗಿ ಬಂದು ಇನ್ನೂ ಹನ್ನೆರಡು ತಿಂಗಳು ತುಂಬಿರಲಿಲ್ಲ. ಬೆನ್ನು ಸುಟ್ಟುಕೊಂಡದ್ದು ಅದರ ಹಿಂದಿನ ವರ್ಷ. "ಸಾಕು ಸುಮ್ನಿರ್ರೀ. ನನ್ನ ಸರದಿ ಹೊಡೀಬೇಕು ಅಂತ ಈ ನಾಟಕವಾ?"

"ನಾಟಕ ಏನು ಬಂತು ಇದರಲ್ಲಿ?" ಅವರ ದನಿ ಏರಿತು. "ಹಲಗೆ ಇದೆಯಲ್ಲ, ಅದೇನು ಸುಳ್ಳು ಹೇಳುತ್ತಾ? ಗಡ್ಡ ಮಾಡ್ಕೊಂಡು ಬರ್ತೀನಿ. ಬಂದು ಕೈಯಾರೆ ತೋರಿಸ್ತೀನಿ." ಬಚ್ಚಲಿನ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ಆಕೆಯನ್ನು ನೋಡಿದರು. ಆ ನೋಟದಲ್ಲಿ ಕೋಪ ಇರಲಿಲ್ಲ, ಹೆದರಿಕೆ ಇತ್ತು.

ಇಷ್ಟು ದಿನ ಕಂಡೂ ಕಾಣದಂತೆ ಬಿಟ್ಟದ್ದೆಲ್ಲ ಒಂದೊಂದಾಗಿ ಆಕೆಯ ಮುಂದೆ ಬಂದು ನಿಂತಿತು. ಒಂದೇ ಸಂಜೆ ಮೂರು ಸಲ ಹಾಲು ತಂದದ್ದು. ಪಕ್ಕದ ಮನೆಯ ಬಾಗಿಲಿಗೆ ತಮ್ಮ ಬೀಗದ ಕೈ ಹಾಕಿ ತಿರುಗಿಸುತ್ತ ನಿಂತಿದ್ದದ್ದು. ಒಂಬತ್ತನೇ ನಂಬರಿನ ನಿಲ್ದಾಣಗಳನ್ನು ಮಂತ್ರದ ಹಾಗೆ ಹೇಳುತ್ತಿದ್ದವರು ಮೊನ್ನೆ ಆರನೆಯದಕ್ಕೆ ನಿಂತುಬಿಟ್ಟದ್ದು. ನಿವೃತ್ತರಾದ ಗಂಡಸು, ತಲೆಗೆ ಕೆಲಸವಿಲ್ಲ ಎಂದು ಅದನ್ನೆಲ್ಲ ಗಾಳಿಗೆ ತೂರಿದ್ದಳು.

ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು. ಆಕೆ ಎದ್ದು ಹಲಗೆಯ ಮುಂದೆ ನಿಂತಳು. ಕೊನೆಯ ನಕ್ಷೆಯ ಮೇಲೆ ಏಳು ಸೇತುವೆಯ ಊರಿನ ಹೆಸರು ದಪ್ಪಕ್ಷರದಲ್ಲಿತ್ತು. ಅದನ್ನು ಅಲ್ಲೇ ಬಿಟ್ಟರೆ ಸಾಕು, ಆಕೆ ತುಟಿ ಎರಡು ಮಾಡಬೇಕಾಗಿಯೇ ಇಲ್ಲ. ಅವರು ಬಂದು ನೋಡುತ್ತಾರೆ, ಸಮುದ್ರ ಆಕೆಯದಾಗುತ್ತದೆ. ಆಮೇಲೆ ಅವರ ಮುಖ ಏನಾಗುತ್ತದೆ ಎಂಬುದನ್ನೂ ಆಕೆಯೇ ನೋಡಬೇಕಾಗುತ್ತದೆ.

ನಕ್ಷೆಯನ್ನು ಕೈಗೆತ್ತಿಕೊಂಡಳು. ಮಡಿಕೆಗಳ ನಡುವೆ ಅವರ ಪೆನ್ಸಿಲಿನ ಗುರುತುಗಳಿದ್ದವು: ಟ್ರ್ಯಾಮ್ ಡಿಪೋ, ಒಂದೆರಡು ಸೇತುವೆ, ಗ್ರಂಥಾಲಯದ ಹಿಂದೆ ಒಂದು ಪುಟ್ಟ ಸೊನ್ನೆ. ಬಿಸಿಲು ಬೇಕಿತ್ತು ಆಕೆಗೆ. ನಲ್ಲಿಯ ಸದ್ದು ನಿಂತಿತು. ನಕ್ಷೆಯನ್ನು ಬೀರುವಿನಲ್ಲಿ ಚಾದರಗಳ ಅಡಿಗೆ ತುರುಕಿ, ಬಂದು ಕಾಫಿ ಲೋಟ ಹಿಡಿದು ಕೂತಳು.

ಕೆನ್ನೆಯ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಅವರು ಹಲಗೆಯ ಹತ್ತಿರ ಹೋದರು. ಬೆರಳಿಟ್ಟು ಕೊನೆಯವರೆಗೆ ಬಂದರು. "ಕಲ್ಲು! ನೋಡು, ಕೊನೇದು ಕಲ್ಲು! ನಾನು ಹೇಳ್ಲಿಲ್ವಾ?" ಮುಖ ಊರಗಲವಾಗಿತ್ತು. ಗೆದ್ದ ಖುಷಿ ಅಷ್ಟೇ ಅಲ್ಲ, ಯಾವುದೋ ದೊಡ್ಡ ಗಂಡಾಂತರದಿಂದ ಪಾರಾದವರ ನಿಟ್ಟುಸಿರು. ತನಗೇನೋ ಆಗುತ್ತಿದೆ ಎಂದು ಅವರಿಗೂ ಗೊತ್ತಿದೆ ಎಂಬುದು ಆಕೆಗೆ ಆಗ ಖಚಿತವಾಯಿತು.

"ಹೌದು, ನಾನೇ ತಪ್ಪು" ಎಂದಳು.

ಶಾಲೆಯಲ್ಲಿ ಪಾಠ ಹೇಳುವ ಮಗಳು ಫೋನಿನಲ್ಲಿ ಹಾರಾಡಿದಳು. "ಅಮ್ಮಾ, ಆ ಊರಿಂದ ನೀನೇ ನಂಗೆ ಫೋಟೋ ಕಳ್ಸಿದ್ದೆ! ಅದನ್ನ ಅಪ್ಪಂಗೆ ತೋರಿಸಿದ್ರೆ ಮುಗೀತಲ್ಲ."

"ತೋರಿಸಿದ್ರೆ ಏನೇನು ಮುಗಿಯುತ್ತೆ ಅಂತ ಯೋಚನೆ ಮಾಡಿದ್ಯಾ?"

ಮಗಳ ದನಿ ಇಳಿಯಿತು. "ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕಲ್ಲಮ್ಮ."

"ವಾಪಸು ಬಂದ ಸೋಮವಾರಕ್ಕೆ ಹೇಳಿಟ್ಟಿದೀನಿ. ನಾನೇನು ಕಣ್ಣು ಮುಚ್ಕೊಂಡು ಕೂತಿಲ್ಲ. ಅಲ್ಲಿ ಹೋದ್ರೆ ಇವತ್ತು ಯಾವ ವಾರ, ಇದು ಯಾವ ತಿಂಗಳು ಅಂತ ಯಾರೋ ಕೇಳ್ತಾರೆ, ಇವರು ತಡವರಿಸ್ತಾರೆ. ಅದಕ್ಕೆ ಮುಂಚೆ ಒಂದು ವಾರ ಅವರು ಅವರ ಥರಾನೇ ಇರ್ಲಿ."

"ಮತ್ತೆ ನಿನ್ನ ಬಿಸಿಲು?"

ಒಲೆಯ ಮೇಲೆ ಹಾಲಿದೆ ಎಂದು ಆಕೆ ಫೋನ್ ಇಟ್ಟುಬಿಟ್ಟಳು. ಆಕೆಯನ್ನು ತ್ಯಾಗಮಯಿ ಎಂದೆಲ್ಲ ಕೊಂಡಾಡುವ ಅಗತ್ಯವಿಲ್ಲ. ಮರುದಿನ ಯಂತ್ರದ ಮುಂದೆ ನಿಂತಾಗ, ಮೂರನೇ ಚಳಿಗಾಲವನ್ನು ಈ ಕಾಲುಗಳು ಹೇಗೆ ದಾಟುತ್ತವೆ ಎಂದು ನೆನೆದು, ಗಂಡನ ಮೇಲೆ, ಆ ಏಳು ಸೇತುವೆ ಕಟ್ಟಿದವರ ಮೇಲೆ, ಮನಸಾರೆ ಸಿಟ್ಟು ಮಾಡಿಕೊಂಡಳು. ಆಮೇಲೆ ಅತ್ತಳು. ಹಬೆಯಲ್ಲಿ ಯಾರ ಕಣ್ಣು ಒದ್ದೆಯಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ, ಆ ಕೆಲಸದ ಒಂದು ಅನುಕೂಲ ಅದು.

ಹೊಸ ಟೋಪಿ ಬೀರುವಿನ ಮೇಲೆಯೇ ಉಳಿಯಿತು. ಹೋದ ವರ್ಷದ ಹೋಟೆಲಿನವರು "ಓ, ಮತ್ತೆ ಬಂದ್ರಾ" ಎಂದುಬಿಟ್ಟರೆ ಗತಿಯೇನು ಎಂದು ಹೊಳೆಯ ಇನ್ನೊಂದು ದಂಡೆಯಲ್ಲಿ ಬೇರೆ ಕೋಣೆ ಹಿಡಿದಳು. ಅವರು ಮೊದಲ ದಿನವೇ ನಾಲ್ಕು ಸೇತುವೆ ದಾಟಿಸಿದರು. "ಇದನ್ನ ನೋಡದೆ ಸತ್ತಿದ್ರೆ ಏನು ಗತಿ ಆಗ್ತಿತ್ತೇ!" ಎಂದು ಹೋದ ವರ್ಷ ನಿಂತ ಜಾಗದಲ್ಲೇ ನಿಂತು ಹೇಳಿದರು. ಟ್ರ್ಯಾಮಿನಲ್ಲಿ ಎಮ್ಮೆಯ ಮಾತೂ ಬಂತು. ಎಲ್ಲಕ್ಕೂ ಆಕೆ "ಹೌದಾ?" ಎನ್ನುತ್ತ ಬಂದಳು. ಎರಡು ಸಲ ದಾರಿ ತಪ್ಪಿದರು. ಎರಡು ಸಲವೂ ಅವರು "ಸುತ್ತು ಹಾಕ್ಕೊಂಡು ಹೋದ್ರೆ ಊರು ಚೆನ್ನಾಗಿ ಕಾಣುತ್ತೆ" ಎಂದರು, ಆಕೆ ಮೆಲ್ಲಗೆ ತೋಳು ಹಿಡಿದು ಸರಿಯಾದ ಬೀದಿಗೆ ತಿರುಗಿಸಿದಳು.

ನಾಲ್ಕನೆಯ ದಿನ ಚಳಿಗಾಳಿ ಎದ್ದಿತು. ಚೌಕದ ನಡುವೆ ನಿಂತು ಆಕೆ ಕೈಗಳನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡಳು, ಮಂಡಿ ನೋಯುತ್ತಿತ್ತು. ಅವರು ಯಾವುದೋ ಗೋಪುರದ ಬಗ್ಗೆ ಹೇಳುತ್ತಿದ್ದವರು ಮಾತು ನಿಲ್ಲಿಸಿ ಆಕೆಯ ಮುಖ ನೋಡಿದರು. ಕೈಗಡಿಯಾರ ನೋಡಿದರು. "ಬಾ" ಎಂದು ಕೈ ಹಿಡಿದರು.

"ಎಲ್ಲಿಗ್ರೀ?"

"ಬಾ ಅಂದ್ರೆ ಬಾ."

ಯಾರನ್ನೂ ಕೇಳಲಿಲ್ಲ, ಎಲ್ಲೂ ತಡವರಿಸಲಿಲ್ಲ. ಪುಸ್ತಕದಂಗಡಿಯ ಪಕ್ಕದ ಓಣಿ ಹಿಡಿದು, ಕಮಾನಿನ ಕೆಳಗೆ ನುಗ್ಗಿ, ಹತ್ತಾರು ಮೆಟ್ಟಿಲು ಇಳಿದು, ಗ್ರಂಥಾಲಯದ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಳದಿ ಗೋಡೆ, ಅದಕ್ಕೆ ಒರಗಿಸಿದ ಒಂದು ಬೆಂಚು. ಕರವಸ್ತ್ರದಿಂದ ಬೆಂಚನ್ನು ಒರೆಸಿ, ಕೊರಳಿನ ಮಫ್ಲರ್ ತೆಗೆದು ಹಾಸಿದರು.

"ಕೂತ್ಕೋ. ಇಲ್ಲಿ ಗಾಳಿ ಬೀಸಲ್ಲ. ಹನ್ನೊಂದಕ್ಕೆ ಸರಿಯಾಗಿ ಬಿಸಿಲು ಬರುತ್ತೆ, ಒಂದು ಗಂಟೆ ಇರುತ್ತೆ."

ಆಕೆ ಕೂತಳು. ಹೋದ ವರ್ಷ ಮಂಡಿ ಹಿಡಿದುಕೊಂಡು ನಡೆಯಲಾರದೆ ಹೋದಾಗ, ಊರೆಲ್ಲ ಅಲೆದು ಆಕೆಗಾಗಿ ಈ ಜಾಗ ಹುಡುಕಿದವರು ಅವರೇ. ದಿನಾ ಬೆಳಿಗ್ಗೆ ಇಲ್ಲಿ ತಂದು ಕೂರಿಸಿ, ತಾವು ಟ್ರ್ಯಾಮ್ ಡಿಪೋ ನೋಡಲು ಓಡುತ್ತಿದ್ದರು. ನಕ್ಷೆಯ ಮೇಲಿನ ಆ ಪುಟ್ಟ ಸೊನ್ನೆ ಇದೇ ಬೆಂಚು. ಆ ನಕ್ಷೆ ಈಗ ಒಂದು ದಿನದ ಪ್ರಯಾಣದಾಚೆ, ಬೀರುವಿನೊಳಗೆ, ಚಾದರಗಳ ಅಡಿಯಲ್ಲಿತ್ತು.

"ನಿಮಗೆ ಹೇಗೆ ಗೊತ್ತಾಯ್ತು, ಇಲ್ಲಿ ಬಿಸಿಲು ಬರುತ್ತೆ ಅಂತ?" ಎಂದು ಆಕೆ ಕೇಳಿದಳು.

ಅವರು ಗೋಡೆ ನೋಡಿದರು, ಮೆಟ್ಟಿಲು ನೋಡಿದರು. ಹುಡುಕಿ ಹುಡುಕಿ ಏನೂ ಸಿಗದವರಂತೆ ತಲೆ ಕೆರೆದುಕೊಂಡರು. "ಗೊತ್ತಿಲ್ಲ ಕಣೇ. ನಿಂಗೆ ಚಳಿ ಆಗ್ತಿತ್ತಲ್ಲ, ಕಾಲು ಈ ಕಡೆ ತಿರುಗ್ತು."

ಅಷ್ಟರಲ್ಲಿ ಬಿಸಿಲು ಸೂರು ದಾಟಿ ಗೋಡೆಯ ಮೇಲಿಂದ ಇಳಿಯಿತು. ಹೆಗಲಿಗೆ ಬಂತು, ಮಡಿಲಿಗೆ ಬಂತು. ಆಕೆ ಕಣ್ಣು ಮುಚ್ಚಿ ಮುಖ ಮೇಲೆತ್ತಿದಳು, ಕೆನ್ನೆಯ ಮೇಲೆ ಇಳಿದ ಕಣ್ಣೀರನ್ನು ಒರೆಸಿಕೊಳ್ಳಲಿಲ್ಲ. ಇಲ್ಲಿ ಮರೆಮಾಚಲು ಹಬೆಯೂ ಇರಲಿಲ್ಲ.

"ಅಳ್ತೀಯಾಕೆ? ಮುಂದಿನ ವರ್ಷ ಸಮುದ್ರಕ್ಕೇ ಹೋಗೋಣ" ಎಂದರು ಅವರು. "ನಿನ್ನ ಸರದಿ ಅಲ್ವಾ? ನಾನು ಮರೆಯೋದಿಲ್ಲ."

"ಗೊತ್ತು ಬಿಡಿ, ನೀವು ಮರೆಯಲ್ಲ" ಎಂದಳು ಆಕೆ. ಆ ಭಾನುವಾರದಿಂದ ಅವರಿಗೆ ಎಷ್ಟೋ ಸುಳ್ಳು ಹೇಳಿದ್ದಳು; ಇದನ್ನು ಹೇಳುವಾಗ ಮಾತ್ರ ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಬಿಸಿಲು ಮಂಡಿಗೂ ತಲುಪಿತ್ತು. ಅವರು ಇನ್ನೂ ನೆರಳಲ್ಲೇ ನಿಂತಿದ್ದರು, ಆಕೆ ಬೆಂಚಿನ ಮೇಲೆ ಒಂದಿಷ್ಟು ಸರಿದು ಅವರಿಗೆ ಜಾಗ ಮಾಡಿದಳು.