ಒದ್ದೆಯಾಗದ ತಾಟು

ಉಳ್ಳಾಗಡ್ಡಿ ಕೆಂಪಗಾಗುವ ಹೊತ್ತಿಗೆ ಸರಿಯಾಗಿ, ನೆನೆಸಿ ಹಿಂಡಿದ ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ಬಾಣಲೆಗೆ ಬಿಟ್ಟರೆ ಒಂದು ವಾಸನೆ ಏಳುತ್ತದೆ. ಅದು ಅಕ್ಕಿಯದಲ್ಲ, ಅನ್ನದ್ದೂ ಅಲ್ಲ. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಬರುತ್ತದಲ್ಲ, ಅದಕ್ಕೆ ಹತ್ತಿರದ್ದು. ಬಳ್ಳಾರಿಯಲ್ಲಿ ನನ್ನ ಮಗಳ ಮನೆಯೊಳಗೆ ದಿನಾ ಬೆಳಿಗ್ಗೆ ಆ ವಾಸನೆ ಏಳಿಸುವವನು ಈಗ ನಾನೇ. ಮಗಳು ಗಂಗಮ್ಮ ಎಂಟಕ್ಕೆಲ್ಲ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗಬೇಕು. ಅಳಿಯ ಅದಕ್ಕೂ ಮೊದಲೇ ಆಟೋ ತೆಗೆದಿರುತ್ತಾನೆ. ಹಾಗಾಗಿ ಮೊಮ್ಮಗಳ ಹೊಟ್ಟೆ ನನ್ನ ಪಾಲಿಗೆ ಬಂದಿದೆ. ಇಂಥ ಪಾಲು ಸಿಕ್ಕ ಮುದುಕ ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಅವನ ಮುಖ ನೋಡುತ್ತೇನೆ.

ಅಡುಗೆ ಕಲಿತಾಗ ನನಗೆ ಅರವತ್ತೆಂಟು. ಈ ಮಂಡಾಳಿನ ತಿಂಡಿಗೆ ನಮ್ಮ ಕಡೆ ಒಗ್ಗರಣೆ ಎಂದೇ ಹೆಸರು. ಮೊದಲ ವಾರ ನಾನು ಮಾಡಿದ ಒಗ್ಗರಣೆಯನ್ನು ಗೋಡೆಯ ಬಿರುಕಿಗೆ ಮೆತ್ತಬಹುದಿತ್ತು. ಮಂಡಾಳಿನ ಗುಣ ನಿಮಗೆ ಗೊತ್ತಿರಬೇಕು. ನೀರಿನಲ್ಲಿ ಒಂದು ಕ್ಷಣ ಹೆಚ್ಚಿಗೆ ಬಿಟ್ಟರೆ ಮುದ್ದೆ. ಒಲೆಯಿಂದ ಇಳಿಸಿ ತಿನ್ನದೆ ಇಟ್ಟರೆ ಚರ್ಮ. ಯಾರಿಗಾಗಿಯೂ ಕಾಯದ ತಿಂಡಿ ಅದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇವತ್ತು ಬೆಳಿಗ್ಗೆ ಟೀವಿಯಲ್ಲಿ ಯಾರೋ ಇಬ್ಬರು ನಾಯಕರು ಒಂದೇ ಮೇಜಿಗೆ ನಾಷ್ಟಾಕ್ಕೆ ಕೂತಿದ್ದರು. ಒಳಗೆ ಏನು ಮಾತಾಯಿತೋ ಯಾರಿಗೂ ಗೊತ್ತಿಲ್ಲ. ಹೊರಗೆ ನಿಂತ ವರದಿಗಾರ ಮಾತ್ರ ಉಪ್ಪಿಟ್ಟು ಎಷ್ಟು ಹೋಯಿತು, ಇಡ್ಲಿ ಎಷ್ಟು ಉಳಿಯಿತು, ಚಟ್ನಿಯನ್ನು ಯಾರು ಯಾರ ಕಡೆ ಸರಿಸಿದರು ಎಂದು ಒಂದೇ ಸಮನೆ ಹೇಳುತ್ತಿದ್ದ. ಎರಡನೇ ತರಗತಿಯ ನನ್ನ ಮೊಮ್ಮಗಳು ಸಾನ್ವಿ ಜಡೆಗೆ ರಿಬ್ಬನ್ನು ಕಟ್ಟಿಸಿಕೊಳ್ಳುತ್ತ ಕೇಳಿದಳು: "ಅಜ್ಜಾ, ಇವ್ರು ಉಪ್ಪಿಟ್ಟು ತಿಂದ್ರ ಟೀವಿಯಾಗ ಯಾಕ ಹೇಳ್ತಾರ?"

"ದೊಡ್ಡೋರವ್ವ. ಅವರು ತಿಂದದ್ದು ಸುದ್ದಿ."

"ಮತ್ತ ಮಾಡಿದೋರು?"

"ಯಾರು?"

"ಉಪ್ಪಿಟ್ಟು ಮಾಡಿದೋರು. ಅವ್ರು ತಿಂದ್ರಾ?"

ರಿಬ್ಬನ್ನು ನನ್ನ ಬೆರಳಿನಲ್ಲೇ ಗಂಟಾಯಿತು. ಏಳು ವರ್ಷದ ಮಗು, ನಾಲ್ಕನೇ ತರಗತಿಗೇ ಸಾಲಿ ಬಿಟ್ಟ ಅಜ್ಜನನ್ನು ಹೀಗೆ ಹಿಡಿದು ನಿಲ್ಲಿಸುತ್ತದೆ. ಇವಳು ಕೇಳುವ ಪ್ರಶ್ನೆಗಳನ್ನೆಲ್ಲ ಓಣಿಯವರಿಗೆ ಹೇಳಿಕೊಂಡು ತಿರುಗುತ್ತೇನೆ. ನಾನು ಬರುವುದು ಕಂಡರೆ ಕಿರಾಣಿ ಅಂಗಡಿಯವನು ಈಗ ಫೋನು ಕಿವಿಗಿಟ್ಟುಕೊಳ್ಳುತ್ತಾನೆ. ಇಟ್ಟುಕೊಳ್ಳಲಿ. ಆದರೆ ಈ ಪ್ರಶ್ನೆಯನ್ನು ಮಾತ್ರ ಅವನಿಗೆ ಹೇಳುವ ಧೈರ್ಯ ನನಗಿಲ್ಲ, ನಿಮಗೆ ಹೇಳುತ್ತೇನೆ.

ಇದೇ ಪ್ರಶ್ನೆಯನ್ನು ಕ್ಯಾಮೆರಾದ ಮುಂದೆ ಒಬ್ಬರು ನನಗೆ ಹಿಂದೊಮ್ಮೆ ಕೇಳಿದ್ದರು. ನಾನು ಸುಳ್ಳು ಹೇಳಿದೆ.

ಮದುವೆಯಾದ ಹೊಸತರಲ್ಲಿ ನಾನು ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿದ್ದೆ. ಮಿಲ್ಲಿನ ಗೇಟಿನಲ್ಲಿ ಮೊದಲು ಬೀಳುವ ಮಾತು ನಾಷ್ಟಾದ್ದೇ. "ನಾಷ್ಟ ಆತೇನ್ಲೇ?" ಎಂದು ಒಬ್ಬ, "ಟಿಫಿನ್ ಅಯಿಂದಾ?" ಎಂದು ತೆಲುಗಿನವನೊಬ್ಬ. ಆಗಿದ್ದರೂ ಆಗದಿದ್ದರೂ ಎದುರಿನ ಅಂಗಡಿಗೆ ಎಳೆದೊಯ್ಯುತ್ತಿದ್ದರು. ಪೇಪರಿನ ಮೇಲೆ ಬಿಸಿ ಒಗ್ಗರಣೆ, ಅದರ ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು, ಪಕ್ಕದಲ್ಲಿ ಎರಡು ಮಿರ್ಚಿ. ತಿನ್ನುತ್ತ ತಿನ್ನುತ್ತ ಆ ಪೇಪರಿನಲ್ಲಿದ್ದ ಸುದ್ದಿಯ ಮೇಲೆ ಜಗಳ. ಎಣ್ಣೆ ಹತ್ತಿ ಅರ್ಧ ಅಳಿಸಿದ ಸುದ್ದಿಗೆ ನಾವು ಉಳಿದರ್ಧ ಸೇರಿಸುತ್ತಿದ್ದೆವು. ನನ್ನ ರಾಜಕೀಯ ಜ್ಞಾನವೆಲ್ಲ ಅಂಥ ಪೇಪರುಗಳದೇ.

ಬೀದಿಯಲ್ಲಿ ಕಂಡವರನ್ನೆಲ್ಲ ಹಾಗೆ ಕೇಳುತ್ತಿದ್ದ ನಾನು ಮನೆಯಲ್ಲಿ ಹಂಪಮ್ಮನನ್ನು ಕೇಳಿದ್ದು ನೆನಪಿಲ್ಲ. ಹಂಪಮ್ಮ ನನ್ನ ಹೆಂಡತಿ. ನಮ್ಮ ಮನೆಯ ರೂಢಿ ಹಾಗಿತ್ತು. ಮೊದಲು ಗಂಡಸರು, ಆಮೇಲೆ ಬಂದವರು, ಆಮೇಲೆ ಮಕ್ಕಳು, ಒಲೆಯ ಮುಂದೆ ಕೂತವಳು ಕಡೆಗೆ. ಆಗೊಮ್ಮೆ ಈಗೊಮ್ಮೆ ನಮ್ಮವ್ವ "ನಿಂದಾತೇನವ್ವ?" ಎಂದರೆ ಒಳಗಿನಿಂದ "ನಂದಾತ್ರಿ" ಎಂದು ಬರುತ್ತಿತ್ತು. ಎಂದೂ ಅದೇ ಉತ್ತರ. ಬಾಣಲೆಯ ತಳಕ್ಕೆ ಹತ್ತಿದ್ದನ್ನು ಸಟ್ಟುಗದಿಂದ ಕೆರೆಯುವ ಸದ್ದು ಆಮೇಲೆ ಕೇಳುತ್ತಿತ್ತು. ಪಾತ್ರೆ ತಿಕ್ಕುತ್ತಾಳೆ ಎಂದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಹಾಗೆಯೇ ಅಂದುಕೊಂಡೆ. ನಾನೇನು ಕಿವುಡನಲ್ಲ ನೋಡಿ.

ಮಿಲ್ಲು ಬಿಟ್ಟ ಮೇಲೆ ಕುರುಗೋಡಿನಲ್ಲಿ ನಮ್ಮದೇ ಮನೆಗೆ ಬಂದೆವು. ಹಂಪಮ್ಮನಿಗೆ ಅಲ್ಲಿ ಸಕ್ಕರೆ ಕಾಯಿಲೆ ಹಿಡಿಯಿತು. ಬೆಳಿಗ್ಗೆ ಗುಳಿಗೆ ನುಂಗಿದ ಕೂಡಲೇ ಏನಾದರೂ ತಿನ್ನಬೇಕು, ಇಲ್ಲದಿದ್ದರೆ ಮೈಯ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ ಎಂದು ಡಾಕ್ಟರು ನನ್ನ ಎದುರಿಗೇ ಎರಡು ಸಲ ಹೇಳಿದ್ದರು. ಗುಳಿಗೆ ಕೊಡುವ ಕೆಲಸ ನನ್ನದು. ತಪ್ಪದೆ ಕೊಡುತ್ತಿದ್ದೆ. ತಿನ್ನುವ ಕೆಲಸ ಅವಳದು ಎಂದು ಬಿಟ್ಟಿದ್ದೆ.

ಆ ವರ್ಷ ಚುನಾವಣೆ. ನಾಯಕರು ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಯಲ್ಲಿ ನಾಷ್ಟಾ ಮಾಡುತ್ತಾರೆ ಎಂದು ಪಕ್ಷದವರು ಬಂದು ಹೇಳಿದರು. ನಮ್ಮ ಮನೆಯೇ ಯಾಕೆ? ಊರಲ್ಲಿ ನನ್ನ ಮಾತಿಗೆ ತೂಕವಿದೆ, ಅದಕ್ಕೆ ಎಂದು ನಾನು ಎಲ್ಲರಿಗೂ ಹೇಳಿದೆ. ನಿಜ ಏನೆಂದರೆ, ದೊಡ್ಡ ಕಾರು ತಿರುಗುವಷ್ಟು ಜಾಗ ಇದ್ದದ್ದು ನಮ್ಮ ಮನೆಯ ಮುಂದೆ ಮಾತ್ರ.

"ಎಂಟಕ್ಕ ಅಂದ್ರ ಎಂಟಕ್ಕ ಬರ್ತಾರೇನ್ರಿ?" ಎಂದಳು ಹಂಪಮ್ಮ.

"ದೊಡ್ಡೋರು. ಮಾತು ತಪ್ಪಂಗಿಲ್ಲ."

"ಮಾತು ತಪ್ಪದಿದ್ರ ದೊಡ್ಡೋರು ಹೆಂಗಾದ್ರು?"

ಏಳಕ್ಕೆ ಗುಳಿಗೆ ಕೊಟ್ಟೆ. ನುಂಗಿದಳು. ಎಂಟಕ್ಕೆ ಒಗ್ಗರಣೆ ಸಿದ್ಧವಾಯಿತು. ಒಂಬತ್ತಕ್ಕೆ ಅದು ಚರ್ಮವಾಯಿತು, ಪಕ್ಷದವರು ಹೊರಗೆ ಕಟ್ಟೆಯ ಮೇಲೆ ಕೂತು ತಿಂದರು. "ಮೋಕಾ ಊರು ದಾಟ್ಯಾರಂತ, ಬಿಸಿ ಇರ್ಲಿ" ಎಂದು ನಾನು ಒಳಗೆ ಹೇಳಿ ಬಂದೆ. ಹತ್ತಕ್ಕೆ ಇನ್ನೊಂದು ಬಾಣಲೆ. ಅದನ್ನು ಕ್ಯಾಮೆರಾದವರು ತಿಂದರು. ಹನ್ನೊಂದೂವರೆಗೆ ಮೂರನೆಯದಕ್ಕೆ ಒಳಗೆ ಹೆಂಗಸರು ಮಂಡಾಳು ನೆನೆಹಾಕಿದರು. ಪಕ್ಕದ ಮನೆಯ ಖಾಸಿಂಬಿ ಕೈಗೆ ಕೈ ಸೇರಿಸಿದ್ದಳು. ಅವಳು ಹೇಳಿದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು.

"ಅಕ್ಕಾ, ಒಂದು ಮುಷ್ಟಿ ಬಾಯಿಗೆ ಹಾಕ್ಕೋ. ಮುಖ ನೋಡು, ಸುಣ್ಣ ಹಚ್ಚಿದಂಗ ಆಗೇತಿ."

ಹಂಪಮ್ಮ ನನ್ನ ಕಡೆ ನೋಡಿದಳು. ನೋಡಿದ್ದು ಅಷ್ಟೇ, ಕೇಳಲಿಲ್ಲ.

"ಮನಿಗೆ ಬರೋರು ಇನ್ನ ತಿಂದಿಲ್ಲ, ಇಕಿ ಹೆಂಗ ತಿಂತಾಳ?" ಎಂದವನು ನಾನು. ನಮ್ಮವ್ವ ಹೋಗಿ ಆಗಲೇ ಹತ್ತು ವರ್ಷವಾಗಿತ್ತು, ಯಾರ ಮೇಲೂ ಹಾಕುವಂತಿಲ್ಲ. ಹೊಸ ಅಂಗಿ ತೊಟ್ಟಿದ್ದೆ, ಓಣಿಯೆಲ್ಲ ನೋಡುತ್ತಿತ್ತು, ರೂಢಿ ಕಾಯುವವನ ಧ್ವನಿ ತಾನಾಗಿಯೇ ಬಂದುಬಿಟ್ಟಿತು.

ಹನ್ನೆರಡಕ್ಕೆ ನಾಯಕರು ಬಂದರು. ನಾನು ಅವರನ್ನು ದೂರುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ಹಾಕಿದ್ದನ್ನು ತಿಂದರು, ಮಿರ್ಚಿ ಖಾರ ಎಂದು ನಕ್ಕರು. ಆಮೇಲೆ, ನನಗೆ ಬೇಡವಾಗಿದ್ದ ಮಾತು ತೆಗೆದರು.

"ಯಾರು ಮಾಡಿದ್ದು ಇದನ್ನ?"

"ನಮ್ಮ ಮನಿಯಾಕಿರಿ."

"ಅವರದು ನಾಷ್ಟಾ ಆಯ್ತಾ?"

ಕ್ಯಾಮೆರಾ ನನ್ನ ಕಡೆ ತಿರುಗಿತು. ಮೂರು ಹೆಜ್ಜೆ ಆಚೆ ಅಡುಗೆಮನೆಯ ಪರದೆ. ಅದರ ಕೆಳಗೆ ಅವಳ ಪಾದ ಕಾಣುತ್ತಿತ್ತು. ಆಗಿಲ್ಲ ಎಂದಿದ್ದರೆ ಆ ಮನುಷ್ಯ ಖಂಡಿತ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಫೋಟೋಕ್ಕಾದರೂ ಸರಿ, ಅವಳ ಬಾಯಿಗೆ ಅನ್ನ ಬೀಳುತ್ತಿತ್ತು. ನಾನು ಕತ್ತೆತ್ತಿ ಹೇಳಿದೆ: "ಆಗೇತ್ರಿ. ನಮ್ಮ ಮನ್ಯಾಗ ಮೊದಲು ಹೆಣ್ಣಮಕ್ಕಳದ. ಆಮ್ಯಾಲೆ ನಮ್ದು."

ನಾಯಕರು ನನ್ನ ಬೆನ್ನು ತಟ್ಟಿದರು. ಕಾರುಗಳು ಹೊರಟಾಗ ಅವುಗಳ ಹಿಂದೆ ದೊಡ್ಡ ರಸ್ತೆಯವರೆಗೂ ನಡೆದೆ. ಅಲ್ಲಿ ಹತ್ತು ಜನ ಕೈ ಕುಲುಕಿದರು, ಚಹಾ ಕುಡಿಸಿದರು. ಮನೆಗೆ ಬಂದಾಗ ಹಂಪಮ್ಮ ಗೋಡೆಗೆ ಒರಗಿ ಕಾಲು ಚಾಚಿ ಬಿದ್ದಿದ್ದಳು. ಸೀರೆಯೆಲ್ಲ ಬೆವರಿಗೆ ತೊಯ್ದಿತ್ತು. ಅಂಗೈಗೆ ನೆನೆದ ಮಂಡಾಳು ಅಂಟಿಕೊಂಡಿತ್ತು. ಖಾಸಿಂಬಿ ಅವಳ ತುಟಿಯೊಳಗೆ ಬೆರಳಿನಿಂದ ಸಕ್ಕರೆ ತುಂಬುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸದೆ ಹೇಳಿದಳು: "ಬಂದೇನಣ್ಣಾ? ನಮ್ಮಕ್ಕಂದು ಮೊದಲ ಆಗೇತಿ, ನೀ ತಿನ್ನು ಹೋಗು."

ಅವತ್ತು ಹಂಪಮ್ಮ ಉಳಿದಳು. ಸಂಜೆ ಸಿರುಗುಪ್ಪದ ಸಭೆಯಲ್ಲಿ ನಾಯಕರು ಹೇಳಿದರು, ಹೆಂಗಸರು ಮೊದಲು ಉಣ್ಣುವ ಮನೆಯನ್ನು ಇವತ್ತು ಬೆಳಿಗ್ಗೆ ಕಂಡು ಬಂದೆ ಎಂದು. ಜನ ಚಪ್ಪಾಳೆ ತಟ್ಟಿದರು. ಚುನಾವಣೆ ಮುಗಿಯುವವರೆಗೆ ಟೀವಿಯಲ್ಲಿ ನನ್ನ ಮುಖ, ನನ್ನ ಮಾತು. ಬಾದನಹಟ್ಟಿಯ ಬೀಗರು ಫೋನು ಮಾಡಿ, ನಿಮ್ಮನ್ನ ನೋಡಿ ಕಲೀಬೇಕ್ರಿ ಎಂದರು. ನಾನು ಬೇಡ ಎನ್ನಲಿಲ್ಲ. ಹಂಪಮ್ಮನೂ ಒಮ್ಮೆ ಕೂತು ನೋಡಿದಳು. ಪೂರ್ತಿ ನೋಡಿ, "ಛಲೋ ಕಾಣ್ತೀರಿ. ಅಂಗಿ ಗುಂಡಿ ಒಂದು ತಪ್ಪಿ ಹಾಕೀರಿ" ಎಂದು ಎದ್ದು ಹೋದಳು. ಬೈದಿದ್ದರೆ ನಾನು ತಿರುಗಿ ಬೈದು ಮರೆತಿರುತ್ತಿದ್ದೆ. ಆ ಗುಂಡಿ ಇವತ್ತಿಗೂ ಕುತ್ತಿಗೆಗೆ ಒತ್ತುತ್ತದೆ.

ಮೂರು ವರ್ಷದ ಮೇಲೆ ಕಾಯಿಲೆ ಅವಳ ಕಣ್ಣು, ಕಿಡ್ನಿ ಎಲ್ಲ ತಿಂದು ಅವಳನ್ನೇ ತೆಗೆದುಕೊಂಡು ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು, "ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಿಂತಿದ್ದರಾ?" ಎಂದು ಕೇಳಿದಾಗ ನಾನು ಗೋಡೆಯ ಗಡಿಯಾರ ನೋಡಿದೆ. ಗಂಗಮ್ಮ ನನ್ನನ್ನು ನೋಡಿದಳು.

ಕುರುಗೋಡಿನ ಮನೆ ಖಾಲಿ ಮಾಡುವಾಗ ಎರಡು ತಾಟು ಸಿಕ್ಕವು. ಮದುವೆಗೆ ಬಂದ ಜೋಡಿ ಸ್ಟೀಲು ತಾಟು, ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದದ್ದು. ನನ್ನ ತಾಟಿನಲ್ಲಿ ಹೆಸರು ಸವೆದು ಎರಡು ಅಕ್ಷರ ಉಳಿದಿದ್ದವು. ತಳ ಪೂರ್ತಿ ಗೀರು. ಹಂಪಮ್ಮನ ತಾಟು ನಿನ್ನೆ ಅಂಗಡಿಯಿಂದ ತಂದ ಹಾಗಿತ್ತು. ಹೆಸರಿನ ಒಂದು ಚುಕ್ಕೆಯೂ ಮಾಸಿರಲಿಲ್ಲ. ನನ್ನ ಮುಖ ಅದರಲ್ಲಿ ಚೊಕ್ಕವಾಗಿ ಕಂಡಿತು.

ಆ ತಾಟಿನಲ್ಲಿ ಈಗ ಸಾನ್ವಿ ತಿನ್ನುತ್ತಾಳೆ. ಚಮಚದಿಂದ ಬಡಿಯುತ್ತಾಳೆ, ಕೆರೆಯುತ್ತಾಳೆ, ಮಂಡಾಳಿನಲ್ಲಿ ಕೋಟೆ ಕಟ್ಟಿ ಬಾಗಿಲಿಗೆ ಮಿರ್ಚಿ ನಿಲ್ಲಿಸುತ್ತಾಳೆ. ಮೊನ್ನೆ ನೋಡಿದೆ, ತಳದಲ್ಲಿ ಗೀರು ಎದ್ದಿವೆ. ನನಗಾದ ಸಂತೋಷ ಏನು ಹೇಳಲಿ, ಬೀದಿಗೆ ತಂದು ಬಿಸಿಲಿಗೆ ಹಿಡಿದು ನೋಡಿದೆ. ಎದುರು ಮನೆಯವರು ತಾಟು ತೂತಾಗಿದೆ ಎಂದುಕೊಂಡರು.

ಮಗಳ ಮನೆಯಲ್ಲಿ ಒಂದು ಕಾನೂನು ಇದೆ. ತಿಂದವರು ತಮ್ಮ ತಾಟು ತಾವೇ ತೊಳೆದು ಸ್ಟ್ಯಾಂಡಿಗೆ ಇಡಬೇಕು. ಅಳಿಯನಿಗೂ ಬಿಡುಗಡೆಯಿಲ್ಲ. ಹೊರಗೆ ಹೋಗುವಾಗ ಗಂಗಮ್ಮ ಸ್ಟ್ಯಾಂಡಿನ ಮೇಲೆ ಒಮ್ಮೆ ಕಣ್ಣಾಡಿಸುತ್ತಾಳೆ. ಯಾಕೆ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ಇವತ್ತು ಟೀವಿಯ ಇಡ್ಲಿ ಮುಗಿದ ಮೇಲೆ ಸಾನ್ವಿಯ ಮುಂದೆ ಒಗ್ಗರಣೆ ಇಟ್ಟೆ. ಒಂದು ತುತ್ತು ಬಾಯಿಗಿಟ್ಟವಳು ತಲೆ ಎತ್ತಿದಳು.

"ಅಜ್ಜಾ, ನಿಂದಾತಾ?"

"ನಂದಾತವ್ವ. ನೀ ತಿನ್ನು."

ಆಗಿರಲಿಲ್ಲ. ಹಂಪಮ್ಮ ಹೋದಾಗಿನಿಂದ ನಾನು ಎಲ್ಲರದೂ ಆದ ಮೇಲೆಯೇ ತಿನ್ನುವುದು. ಅವಳ ಸರದಿ ನಾನು ಹೊತ್ತಿದ್ದೇನೆ ಎಂದು ಒಳಗೊಳಗೇ ದೊಡ್ಡಸ್ತಿಕೆ ಬೇರೆ. ಯಾರಿಗೆ ಉಪಯೋಗವಾಯಿತೋ ನನಗೆ ಗೊತ್ತಿಲ್ಲ. ಮಗು ಎದ್ದು ಹೋಗಿ, ತುದಿಗಾಲಲ್ಲಿ ನಿಂತು, ಸ್ಟ್ಯಾಂಡಿನಲ್ಲಿದ್ದ ನನ್ನ ತಾಟಿನ ಮೇಲೆ ಎರಡು ಬೆರಳು ಎಳೆಯಿತು. ಬೆರಳನ್ನು ನನ್ನ ಮುಖದ ಮುಂದೆ ಹಿಡಿಯಿತು.

"ಒಣಗೇತಿ. ಸುಳ್ಳು ಹೇಳ್ತಿ."

ಇಷ್ಟೇ ಕೆಲಸ. ನಾಲ್ಕು ಹೆಜ್ಜೆ, ಎರಡು ಬೆರಳು. ಮೂವತ್ತು ವರ್ಷ ಒಂದೇ ಸೂರಿನ ಕೆಳಗಿದ್ದ ನನ್ನಿಂದ ಆಗಲಿಲ್ಲ.

"ಖರೇ ಹೇಳು ಅಜ್ಜಾ. ಆತೋ ಇಲ್ಲೋ?"

ಟೀವಿಯಲ್ಲಿ ವರದಿಗಾರ ಇನ್ನೂ ಹೊರಗೇ ನಿಂತಿದ್ದ. ನನ್ನ ಮುಂದೆ ಕ್ಯಾಮೆರಾ ಇರಲಿಲ್ಲ, ಪರದೆಯ ಕೆಳಗೆ ಪಾದಗಳೂ ಇರಲಿಲ್ಲ.

"ಆಗಿಲ್ಲವ್ವ" ಎಂದೆ.

ಕುರುಗೋಡಿನಲ್ಲಿ ಹೇಳಬೇಕಾಗಿದ್ದ ಮಾತು, ಬಳ್ಳಾರಿಯಲ್ಲಿ ಬಾಯಿಂದ ಬಿತ್ತು. ಸಾನ್ವಿ ನನ್ನ ತಾಟು ಇಳಿಸಿ, ತನ್ನ ಕೋಟೆಯ ಅರ್ಧ ಗೋಡೆ ಕೆಡವಿ ಅದರೊಳಗೆ ಹಾಕಿದಳು. "ಲಗೂನ ತಿನ್ನು, ಆರತೈತಿ" ಎಂದಳು.

ತಿಂದೆ. ಉಪ್ಪು ಹೆಚ್ಚಾಗಿತ್ತು.