ಬೆಳಕು ಆರಿಸುವ ನೀರು

ಪ್ರಯೋಗಾಲಯದಲ್ಲಿ ಗಾಜು ತೊಳೆಯುವವಳನ್ನು ಎಲ್ಲರೂ ಬ್ರಶ್ ಅಕ್ಕ ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷ ತೊಳೆದೂ ತೊಳೆದೂ ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು. ಹಾಜರಿ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಗೊತ್ತಾಗುತ್ತಿರಲಿಲ್ಲ. ಕಾವಲುಗಾರನೇ ದಿನಾ ಒಳಗೆ ಬಿಡಬೇಕಿತ್ತು.

ಅಲ್ಲಿ ತಯಾರಾಗುತ್ತಿದ್ದುದು ಒಂದು ಪುಡಿ. ಲೋಹ ಬೆರೆಸಿದ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ನೀರಿಗೆ ಹಾಕಿ ನೇರಳೆ ದೀಪದ ಕೆಳಗೆ ಹಿಡಿದರೆ ಕೆಂಡದ ಹಾಗೆ ಹೊಳೆಯುತ್ತಿದ್ದವು. ಅದು ನೀರಿನ ಪರೀಕ್ಷೆ. ಅವಳಿಗೆ ಗೊತ್ತಿದ್ದುದು ಅಷ್ಟೇ.

ಎರಡು ವರ್ಷದ ಹಿಂದೆ ಪ್ರೊಫೆಸರ್ ಎಲ್ಲರ ಮನೆಯಿಂದ ನೀರು ತರಿಸಿದರು. ಉಳಿದವರದೆಲ್ಲ ಹೊಳೆಯಿತು. ಅಕ್ಕನ ಮನೆಯ ಬಾವಿ ನೀರು ಬಿದ್ದದ್ದೇ ತಡ, ಬೆಳಕು ಪಕ್ಕನೆ ಆರಿತು. ಇಡೀ ಕೋಣೆ ಚಪ್ಪಾಳೆ ತಟ್ಟಿತು.

"ಅಕ್ಕಾ, ನಿಮ್ಮ ಬಾವಿಗೇ ಡಾಕ್ಟರೇಟ್ ಕೊಡ್ಬೇಕು!" ಅಂದಳು ಒಬ್ಬ ವಿದ್ಯಾರ್ಥಿನಿ.

"ವಾರಕ್ಕೊಂದು ಬಾಟಲಿ ತನ್ನಿ," ಅಂದರು ಪ್ರೊಫೆಸರ್. "ಅದೇ ಬಾವೀದು."

ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಚಪ್ಪಾಳೆ ಗಿಟ್ಟಿಸಿದ ನೀರು ಕೆಟ್ಟದ್ದಿರುತ್ತದೆಯೇ? ಅವಳು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮನೆಗೆ ಕ್ಯಾನ್ ನೀರು ತರಿಸುವುದನ್ನು ನಿಲ್ಲಿಸಿದಳು. ಬಸುರಿ ಮಗಳು ಬಂದಾಗ, "ನಲ್ಲಿ ನೀರು ಮುಟ್ಬೇಡ. ಓದಿದೋರು ಮೆಚ್ಚಿದ ನೀರು ಇದು, ದಿನಾ ಎಂಟು ಲೋಟ ಕುಡಿ" ಅಂದಳು. ಮನೆಯ ಹಿಂದೆ ಹಳೆ ಬ್ಯಾಟರಿ ಒಡೆಯುವ ಶೆಡ್ಡು ಇತ್ತು. ಅದರ ಬಗ್ಗೆ ಅವಳ ದೂರು ಒಂದೇ, ಗಲಾಟೆ ಜಾಸ್ತಿ.

ಮೊನ್ನೆ ಸಂದರ್ಶಕರು ಬಂದಿದ್ದರು. ಪ್ರೊಫೆಸರ್ ಅವಳ ಬಾಟಲಿ ಎತ್ತಿ ಹಿಡಿದರು. "ಸೀಸ ಇದ್ರೆ ಬೆಳಕು ಸಾಯುತ್ತೆ. ಇಷ್ಟು ವಿಷದ ನೀರು ನಮಗೆ ಬೇರೆಲ್ಲೂ ಸಿಕ್ಕಿಲ್ಲ."

ತೊಟ್ಟಿಯಲ್ಲಿ ಬ್ರಶ್ಶು ನಿಂತಿತು. ಬಂದವರು ಹೋಗುವವರೆಗೆ ಕಾದಳು.

"ಸಾರ್, ಆ ನೀರು ನಾವು ಕುಡೀತೀವಿ."

ಪ್ರೊಫೆಸರ್ ಕನ್ನಡಕ ತೆಗೆದರು. "ಬಾಟಲಿ ಮೇಲೆ ಚೀಟಿ ಅಂಟಿಸಿದೀವಲ್ಲಮ್ಮ, ವಿಷದ ಮಾದರಿ ಅಂತ?"

"ಆ ಚೀಟಿ ವಾರವಾರ ಉಜ್ಜಿ ತೆಗೆಯೋಳು ನಾನೇ ಸಾರ್. ಓದೋಕೆ ಬರಲ್ಲ."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಕುಡಿಯೋದು ನಿಲ್ಸಿ. ಬಾವಿ ಮಾತ್ರ ಮುಚ್ಚಿಸ್ಬೇಡಿ, ಇನ್ನೂ ಮೂರು ತಿಂಗಳ ಕೆಲಸ ಇದೆ."

ಮನೆಯ ಬಾಗಿಲಲ್ಲೇ ಮಗಳು ಕೂತಿದ್ದಳು, ಎಂಟು ತಿಂಗಳ ಹೊಟ್ಟೆಯ ಮೇಲೆ ಖಾಲಿ ಲೋಟ ಇಟ್ಟುಕೊಂಡು.

"ಇವತ್ತು ಬೈಯೋ ಹಾಗಿಲ್ಲಮ್ಮ," ನಕ್ಕಳು. "ಹತ್ತು ಲೋಟ ಕುಡ್ದಿದೀನಿ."